ಕೊಡಗಿನ ರಕ್ಷಣಾ ತಂಡಗಳಿಗೊಂದು ಕೌಶಲ ಸ್ಪರ್ಧೆ: ಯಾವಾಗ, ಎಲ್ಲಿ, ಅಂಕ ಹೇಗೆ?

ಬರೆಬದಿ, ಮಾದಾಪುರ:

ಎಲ್ಲರಿಗೂ ನಮಸ್ಕಾರ. ಜಿಲ್ಲೆಯ ಐದೂ ತಾಲ್ಲೂಕಿನ ರಕ್ಷಣಾ ತಂಡಗಳನ್ನು ಒಂದು ಕಡೆ ಸೇರಿಸಿ ಎರಡು ದಿನದ ಸ್ಪರ್ಧೆ ನಡೆಸಬೇಕು ಅಂತ ನಾವು ಕೆಲವರು ಮಾತಾಡಿಕೊಂಡಿದ್ದೇವೆ. ಇನ್ನೂ ಏನೂ ಗಟ್ಟಿಯಾಗಿಲ್ಲ, ಅದಕ್ಕೇ ಇಲ್ಲಿ ಕೇಳುತ್ತಿದ್ದೇನೆ.

ತಂಡ ಅಂದರೆ ಬರೀ ಇಲಾಖೆಯವರಲ್ಲ. ಅಗ್ನಿಶಾಮಕದವರು, ಗೃಹರಕ್ಷಕರು, ಆನೆ ಓಡಿಸಲು ಬರುವ ಅರಣ್ಯ ಸಿಬ್ಬಂದಿ, ವಿಪತ್ತಿನಲ್ಲಿ ನೆರವಾಗುವ ಸ್ವಯಂಸೇವಕರಿಗೆ ಕೊಡುವ ಆಪದ್ ಮಿತ್ರ ತರಬೇತಿ ಮುಗಿಸಿದ ಹುಡುಗ ಹುಡುಗಿಯರು, ರಾಫ್ಟಿಂಗ್ ಗೈಡ್‌ಗಳು, ಪ್ರವಾಸಿಗರನ್ನು ಮಾಂದಲಪಟ್ಟಿ ಬೆಟ್ಟಕ್ಕೆ ಒಯ್ಯುವ ಜೀಪಿನವರು, ಮಾಜಿ ಸೈನಿಕರು, ಊರಿನ ಯುವಕ ಸಂಘ, ಎಲ್ಲರೂ. 2018ರ ಆಗಸ್ಟ್‌ನಲ್ಲಿ ನೋಡಿದ್ದೇವಲ್ಲ. ಮಕ್ಕಂದೂರು, ಮೊಣ್ಣಂಗೇರಿ, ಜೋಡುಪಾಲ, ಮುಕ್ಕೋಡ್ಲು ಕಡೆ ರಸ್ತೆಯೇ ಮಾಯವಾದಾಗ ಮೊದಲು ಓಡಿದವರು ಅಕ್ಕಪಕ್ಕದ ಮನೆಯವರು. ಹೊರಗಿನ ತಂಡ ಎಷ್ಟೇ ಚೆನ್ನಾಗಿದ್ದರೂ ರಸ್ತೆ ಇದ್ದರೆ ತಾನೇ ಬರುವುದು.

ನಮ್ಮ ತಲೆಯಲ್ಲಿ ಈಗ ಇರುವುದು ಇಷ್ಟು: ಹಗ್ಗದ ಕೆಲಸ, ನೀರಿನ ಕೆಲಸ, ಕುಸಿದ ಮಣ್ಣಿನಲ್ಲಿ ಹುಡುಕಾಟ, ಪ್ರಥಮ ಚಿಕಿತ್ಸೆ, ರಸ್ತೆಗೆ ಬಿದ್ದ ಮರ ತೆರವು. ಯಾವ ತಿಂಗಳು? ಎಲ್ಲಿ? ಅಂಕ ಹೇಗೆ ಕೊಡುವುದು? ಸುಮ್ನೆ ಚೆನ್ನಾಗಿದೆ ಅಂತ ಹೇಳಬೇಡಿ, ತಪ್ಪು ಇದ್ದರೆ ಬಯ್ಯಿರಿ.

ರೊಬಸ್ಟಾ, ಸಿದ್ದಾಪುರ:

ತಿಂಗಳ ವಿಷಯ ಮೊದಲು ಮುಗಿಸೋಣ, ಯಾಕಂದರೆ ಒಳ್ಳೆಯ ಕಾರ್ಯಕ್ರಮಗಳು ನಮ್ಮಲ್ಲಿ ಹಾಳಾಗುವುದೇ ಅಲ್ಲಿ. ನವೆಂಬರ್ ಕೊನೆಯಿಂದ ಅರೇಬಿಕಾ ಕೊಯ್ಲು. ಅದರ ಹಿಂದೆಯೇ ರೊಬಸ್ಟಾ, ಕಾಳುಮೆಣಸು, ಮಾರ್ಚ್‌ವರೆಗೆ ತೋಟದವರು ಯಾರೂ ಸಿಗುವುದಿಲ್ಲ. ಫೆಬ್ರವರಿಯಿಂದ ಏಪ್ರಿಲ್ ಕಾಡಿಗೆ ಬೆಂಕಿ ಬೀಳುವ ಕಾಲ, ಅರಣ್ಯದವರೂ ಫೈರ್‌ನವರೂ ಕಣ್ಣು ಮುಚ್ಚಲ್ಲ. ಏಪ್ರಿಲ್ ಮೇ ಅಂದರೆ ಕೊಡವ ಕುಟುಂಬಗಳ ನಡುವಿನ ಕೌಟುಂಬಿಕ ಹಾಕಿ, 1997ರಲ್ಲಿ ಕರಡದಲ್ಲಿ ಶುರುವಾದಾಗಿನಿಂದ ಆ ಎರಡು ತಿಂಗಳು ಬೇರೆ ಯಾರಿಗೂ ಮೈದಾನವೂ ಇಲ್ಲ, ಜನವೂ ಇಲ್ಲ. ಜೂನ್‌ನಿಂದ ಸೆಪ್ಟೆಂಬರ್ ಮಳೆ, ತಂಡಗಳೆಲ್ಲ ಡ್ಯೂಟಿಯಲ್ಲಿರುತ್ತವೆ. ಅಕ್ಟೋಬರ್‌ನಲ್ಲಿ ತೀರ್ಥೋದ್ಭವ, ಕೆಲವು ವರ್ಷ ದಸರಾ ಕೂಡ.

ಉಳಿದದ್ದು ಎರಡೇ. ಹಾಕಿ ಫೈನಲ್ ಮುಗಿದಿದ್ದರೆ ಮೇ ಮೂರನೇ ವಾರ, ಇಲ್ಲ ನವೆಂಬರ್ ಮೊದಲ ವಾರ. ನನ್ನ ಓಟು ಮೇ ತಿಂಗಳಿಗೆ. ಮಳೆಗೆ ಮೊದಲು ಹಗ್ಗ, ಲೈಫ್ ಜಾಕೆಟ್, ಜನರೇಟರ್ ಎಲ್ಲ ಒಂದು ಸಲ ಹೊರಗೆ ಬರುತ್ತದೆ. ಮಳೆ ಮುಗಿದ ಮೇಲೆ ಸ್ಪರ್ಧೆ ಇಟ್ಟರೆ ಕಲಿತದ್ದು ಮುಂದಿನ ಜೂನ್ ಹೊತ್ತಿಗೆ ಯಾರಿಗೆ ನೆನಪಿರುತ್ತದೆ?

ಹೊಳೆಗೈಡ್, ದುಬಾರೆ ಕಡೆ:

ಮೇ ತಿಂಗಳಲ್ಲಿ ನೀರಿನ ಸ್ಪರ್ಧೆ ಮಾಡ್ತೀರಾ? ಆಗ ಕಾವೇರಿಯಲ್ಲಿ ಬಂಡೆಯಿಂದ ಬಂಡೆಗೆ ನಡೆದು ದಾಟಬಹುದು. ಬರಪೊಳೆಯಲ್ಲಿ ರಾಫ್ಟಿಂಗ್ ನಡೆಯುವುದೇ ಮಳೆಗಾಲದಲ್ಲಿ. ಹರಿಯುವ ನೀರು ಬೇಕಾದರೆ ಮಳೆಗಾಲವೇ ಆಗಬೇಕು, ಮಳೆಗಾಲದಲ್ಲಿ ಸ್ಪರ್ಧೆಗೆ ಅಂತ ಜನರನ್ನು ಹೊಳೆಗೆ ಇಳಿಸಲು ನಾನಂತೂ ಒಪ್ಪಲ್ಲ.

ಆದರೂ ಒಂದು ದಾರಿ ಇದೆ. ಹೊಳೆ ರಕ್ಷಣೆಯಲ್ಲಿ ನೀರಿಗೆ ಹಾರುವುದು ಕೊನೆಯ ಉಪಾಯ. ಮೊದಲು ದಡದಿಂದ ಕೋಲು ಚಾಚಬೇಕು, ಆಗದಿದ್ದರೆ ಹಗ್ಗ ಎಸೆಯಬೇಕು, ಆಮೇಲೆ ದೋಣಿ, ಎಲ್ಲ ಮುಗಿದ ಮೇಲೆ ಈಜು. ಮೊದಲ ಎರಡನ್ನು ಗದ್ದೆಯಲ್ಲೇ ಪರೀಕ್ಷೆ ಮಾಡಬಹುದು. ಥ್ರೋ ಬ್ಯಾಗ್ ಅಂದರೆ ಹಗ್ಗ ತುಂಬಿ ಎಸೆಯುವ ಚೀಲ, ಅದರಲ್ಲಿ ಸಾಮಾನ್ಯವಾಗಿ 15ರಿಂದ 20 ಮೀಟರ್ ಹಗ್ಗ ಇರುತ್ತದೆ. ಮೊದಲ ಎಸೆತ ಎಲ್ಲರೂ ಚೆನ್ನಾಗಿ ಎಸೆಯುತ್ತಾರೆ, ಹಗ್ಗ ಚೀಲದಲ್ಲಿ ನೀಟಾಗಿ ತುಂಬಿರುತ್ತದಲ್ಲ. ಕಷ್ಟ ಇರುವುದು ಎರಡನೇ ಎಸೆತದಲ್ಲಿ. ಒದ್ದೆ ಹಗ್ಗವನ್ನು ಸರಸರ ಎಳೆದುಕೊಂಡು, ಸುರುಳಿ ಮಾಡಿ, ಸಿಕ್ಕು ಬೀಳದ ಹಾಗೆ ಮತ್ತೆ ಎಸೆಯಬೇಕು. ಅಷ್ಟರಲ್ಲಿ ನೀರಲ್ಲಿರುವವನು ಕೆಳಗೆ ಹೋಗಿರುತ್ತಾನೆ. ಆದ್ದರಿಂದ ಗುರಿಯನ್ನು ನಿಲ್ಲಿಸಬೇಡಿ. ಒಬ್ಬ ಹುಡುಗ ಗದ್ದೆ ಬದಿಯಲ್ಲಿ ಡಮ್ಮಿಯನ್ನು ಎಳೆಯುತ್ತಾ ನಡೆಯಲಿ. ಅಂಕ ಎರಡನೇ ಎಸೆತಕ್ಕೆ ಮಾತ್ರ ಕೊಡಿ.

ದೋಣಿ ಕೆಲಸ ಬೇಕೆಂದರೆ ಹಾರಂಗಿ ಅಥವಾ ಚಿಕ್ಲಿಹೊಳೆ ಹಿನ್ನೀರು, ಅನುಮತಿ ಸಿಕ್ಕರೆ. ಇನ್ನೊಂದು ಮಾತು. ರಕ್ಷಿಸಲು ಇಳಿಯುವವನ ಸೊಂಟಕ್ಕೆ ಹಗ್ಗ ಬಿಗಿದು ಬಿಡುವ ಅಭ್ಯಾಸ ನಮ್ಮ ಎಲ್ಲ ಊರಲ್ಲೂ ಇದೆ. ಹರಿವಿನಲ್ಲಿ ಆ ಹಗ್ಗ ಟೈಟ್ ಆದರೆ ನೀರು ಅವನನ್ನು ಕೆಳಗೆ ಒತ್ತಿ ಹಿಡಿಯುತ್ತದೆ, ಬಿಚ್ಚಿಕೊಳ್ಳಲು ಆಗಲ್ಲ. ಸ್ಪರ್ಧೆಯಲ್ಲಿ ಯಾರಾದರೂ ಹಾಗೆ ಕಟ್ಟಿದರೆ ಅಲ್ಲೇ ಸೊನ್ನೆ ಕೊಡಿ. ಚೇಲಾವರ, ಮಲ್ಲಳ್ಳಿ ಜಲಪಾತದ ಕಡೆ ಪ್ರತಿ ವರ್ಷ ಯಾರಾದರೂ ಜಾರುತ್ತಾರೆ, ಆಗ ಈ ಸೊನ್ನೆ ಉಪಯೋಗಕ್ಕೆ ಬರುತ್ತದೆ.

ಹಳೇ ಫೈರ್‌ಮನ್:

ನಿವೃತ್ತನಾದವನು ನಾನು, ಸಮಯ ಇದೆ, ಸ್ವಲ್ಪ ಉದ್ದ ಬರೆಯುತ್ತೇನೆ.

ರಕ್ಷಣಾ ಕೆಲಸದ ಸ್ಪರ್ಧೆ ಹೊಸದಲ್ಲ. ನಮ್ಮ ದೇಶದ ಗಣಿಗಳಲ್ಲಿ ರಕ್ಷಣಾ ತಂಡಗಳಿಗೆ ಅಖಿಲ ಭಾರತ ಮಟ್ಟದ ಸ್ಪರ್ಧೆ ಬಹಳ ಕಾಲದಿಂದ ನಡೆಯುತ್ತಿದೆ. ಹೊರದೇಶಗಳಲ್ಲಿ ಅಪಘಾತವಾದ ಕಾರಿನಿಂದ ಜನರನ್ನು ಹೊರತೆಗೆಯುವ ಸ್ಪರ್ಧೆ ಇದೆ. ಅಲ್ಲಿ ಒಂದೇ ಕಾರಿನ ಸುತ್ತ ಮೂರು ಬಗೆಯ ತೀರ್ಪುಗಾರರು ನಿಂತಿರುತ್ತಾರೆ. ಒಬ್ಬರು ತಂಡದ ನಾಯಕನನ್ನು ಮಾತ್ರ ನೋಡುತ್ತಾರೆ, ಒಬ್ಬರು ಉಪಕರಣದ ಕೆಲಸ, ಒಬ್ಬರು ಗಾಯಾಳುವಿನ ಆರೈಕೆ. ಈ ಪದ್ಧತಿ ನಾವೂ ಇಟ್ಟುಕೊಳ್ಳಬಹುದು. ಒಬ್ಬನೇ ತೀರ್ಪುಗಾರ ಎಲ್ಲ ನೋಡಲು ಹೋದರೆ ಕೊನೆಗೆ ಕೈಯಲ್ಲಿರುವ ಸ್ಟಾಪ್‌ವಾಚ್ ಒಂದೇ ನೋಡುತ್ತಾನೆ.

ನನ್ನ ದೊಡ್ಡ ಆಕ್ಷೇಪ ಆ ಸ್ಟಾಪ್‌ವಾಚಿಗೇ. ಬೇಗ ಮುಗಿಸಿದವನೇ ಗೆದ್ದ ಅಂತ ಮಾಡಿದರೆ ಹುಡುಗರು ಹಗ್ಗ ಸಿಕ್ಕಿಸುವ ಕೊಕ್ಕೆಯ (ಕ್ಯಾರಬಿನರ್) ಲಾಕ್ ತಿರುಗಿಸದೆ ಓಡುತ್ತಾರೆ. ನೂರು ಅಂಕ ಅಂತ ಇಟ್ಟುಕೊಂಡರೆ 40 ಸುರಕ್ಷತೆಗೆ, 25 ಗಾಯಾಳುವಿಗೆ, 25 ನಾಯಕತ್ವ ಮತ್ತು ಕೈಕೆಲಸಕ್ಕೆ, ಸಮಯಕ್ಕೆ ಬರೀ 10 ಇರಲಿ. ತೀರ್ಪುಗಾರರಲ್ಲದೆ ಬೇರೆಯೇ ಒಬ್ಬ ಸುರಕ್ಷತಾ ಅಧಿಕಾರಿ ಇರಬೇಕು. ಅವನ ಕೈಯಲ್ಲಿ ಅಂಕ ಇರಬಾರದು, ವಿಸಿಲ್ ಮಾತ್ರ ಇರಬೇಕು. ಯಾರಾದರೂ ತೂಗುತ್ತಿರುವ ಭಾರದ ಕೆಳಗೆ ನಿಂತರೆ, ಅಂಚಿಗೆ ಹೋಗುವವನು ತನ್ನನ್ನು ಕಟ್ಟಿಕೊಳ್ಳದೆ ಹೋದರೆ, ವಿಸಿಲ್ ಊದಿ ನಿಲ್ಲಿಸಬೇಕು. ಸರಿಮಾಡಿಕೊಂಡು ಮುಂದುವರಿಯಲಿ, ಗಡಿಯಾರ ಓಡುತ್ತಿರಲಿ. ಎರಡನೇ ಸಲ ಆದರೆ ಆ ಸುತ್ತಿನಿಂದ ಮನೆಗೆ.

ಹಗ್ಗದ ಸುತ್ತಿಗೆ ನಾನು ಏನು ನೋಡುತ್ತೇನೆ ಹೇಳುತ್ತೇನೆ. ಅಂಗಡಿಯ ನೈಲಾನ್ ಹಗ್ಗ ತಂದಿದ್ದಾರಾ, ಹೆಚ್ಚು ಹಿಗ್ಗದ 11 ಮಿಲಿಮೀಟರ್‌ನ ಸ್ಟ್ಯಾಟಿಕ್ ಹಗ್ಗ ತಂದಿದ್ದಾರಾ? ಸ್ಟ್ರೆಚರ್‌ಗೆ ಎರಡು ಹಗ್ಗ ಇದೆಯಾ, ಎರಡನ್ನೂ ಬೇರೆ ಬೇರೆ ಮರಕ್ಕೆ ಕಟ್ಟಿದ್ದಾರಾ? ಆಮೇಲೆ ಬರೆಯ, ಅಂದರೆ ಕಡಿದಾದ ಮಣ್ಣಿನ ದಿಬ್ಬದ, ಅಂಚು. ಹಗ್ಗ ಬಾಗುವ ಜಾಗದಲ್ಲಿ ಕಲ್ಲಿನ ಮೂಲೆ ಇದ್ದರೆ, ಭಾರ ಬಿದ್ದಾಗ ಹಗ್ಗ ಅಲ್ಲಿ ಪಕ್ಕಕ್ಕೆ ಸರಿದಾಡುತ್ತದೆ, ಹೊರಗಿನ ಕವಚದ ನೂಲು ಒಂದೊಂದೇ ಏಳಲು ಶುರುವಾಗುತ್ತದೆ. ಒಂದು ಗೋಣಿಚೀಲವನ್ನು ಎರಡು ಮಡಿಕೆ ಮಾಡಿ ಕೆಳಗಿಟ್ಟರೆ ಸಾಕು, ಆದರೆ ಆ ಚೀಲವೂ ಜಾರದ ಹಾಗೆ ಅದಕ್ಕೊಂದು ದಾರ ಕಟ್ಟಬೇಕು. ಆ ದಾರ ಕಟ್ಟಿದ ತಂಡಕ್ಕೆ ನಾನು ಕಣ್ಣು ಮುಚ್ಚಿ ಅಂಕ ಕೊಡುತ್ತೇನೆ. ಬೇರೆ ಎಲ್ಲ ಅಲ್ಲಿಂದಲೇ ಗೊತ್ತಾಗುತ್ತದೆ.

ಮೇಲಕ್ಕೆ ಎಳೆಯುವಾಗ ಹಗ್ಗವನ್ನು ರಾಟೆಯಲ್ಲಿ ಮಡಿಚಿ ಒಂದಕ್ಕೆ ಮೂರು ಮಾಡಿದರೆ ಮೂರು ಮೀಟರ್ ಎಳೆದಾಗ ಒಂದು ಮೀಟರ್ ಮೇಲೆ ಬರುತ್ತದೆ. ಉಜ್ಜುವಿಕೆಯಲ್ಲಿ ಸ್ವಲ್ಪ ನಷ್ಟ ಆಗುತ್ತದೆ, ಆದರೂ ನಾಲ್ಕು ಜನ ಸಾಕು. ಇದು ಗೊತ್ತಿಲ್ಲದ ತಂಡ ಹನ್ನೆರಡು ಜನರನ್ನು ಸಾಲಾಗಿ ನಿಲ್ಲಿಸಿ ಹೋ ಅಂತ ಎಳೆಯುತ್ತದೆ. ಕೆಸರುಗದ್ದೆ ಹಗ್ಗಜಗ್ಗಾಟಕ್ಕೆ ಅದು ಸರಿ.

ಕಹಿಮೆಣಸು:

ಎಲ್ಲರೂ ಖುಷಿಯಲ್ಲಿದ್ದೀರಿ, ನಾನು ಹಾಳು ಮಾಡುತ್ತೇನೆ. ಇದು ಹೇಗೆ ಆಗುತ್ತದೆ ಅಂತ ನನಗೆ ಈಗಲೇ ಗೊತ್ತು. ಶಾಮಿಯಾನ, ಫ್ಲೆಕ್ಸ್, ಬೆಳಗ್ಗೆ ಹತ್ತಕ್ಕೆ ಉದ್ಘಾಟನೆ ಅಂತ ಕಾರ್ಡು, ಗಣ್ಯರು ಬರುವಾಗ ಹನ್ನೆರಡೂವರೆ, ಭಾಷಣ, ಶಾಲು, ಹಾರ, ಊಟ. ಹುಡುಗರು ಬಿಸಿಲಲ್ಲಿ ಹೆಲ್ಮೆಟ್ ಹಾಕಿಕೊಂಡು ನಿಂತಿರುತ್ತಾರೆ. ಆ ದುಡ್ಡಲ್ಲಿ ಊರಿಗೊಂದು ಒಳ್ಳೆಯ ಹಗ್ಗ, ಎರಡು ಸ್ಟ್ರೆಚರ್ ಕೊಡಿಸಿ.

ಇನ್ನೂ ಒಂದು. ನಮ್ಮ ಊರಿನ ಒಂದು ಕಚೇರಿಯಲ್ಲಿ ರಕ್ಷಣಾ ಸಾಮಾನು ಇದೆ. ಬೀಗ ಹಾಕಿದ ಕೋಣೆಯಲ್ಲಿ. ಕೀ ಇರುವವರು ಊರಲ್ಲಿ ಇರುವುದಿಲ್ಲ. ಹೋದ ಮಳೆಗಾಲದಲ್ಲಿ ಬರೆ ಜರಿದಾಗ ನಾವು ತೋಟದ ಪಿಕಾಸಿ, ಗುದ್ದಲಿ, ಹಾರೆ ಹಿಡಿದುಕೊಂಡೇ ಹೋದದ್ದು. ಇದಕ್ಕೆ ನಿಮ್ಮ ಸ್ಪರ್ಧೆಯಲ್ಲಿ ಎಷ್ಟು ಅಂಕ?

ಬರೆಬದಿ, ಮಾದಾಪುರ:

ಕಹಿ ಅಣ್ಣ, ಬಯ್ಯಿರಿ ಅಂದದ್ದೇ ನಿಮ್ಮಂಥವರಿಗೆ. ಉದ್ಘಾಟನೆ ಬೇಡ ಅನ್ನುವುದಕ್ಕೆ ನಾನು ಒಪ್ಪಿದೆ. ವೇದಿಕೆಯೇ ಹಾಕುವುದು ಬೇಡ.

ಕೀ ವಿಷಯ ಚೆನ್ನಾಗಿ ಹೇಳಿದಿರಿ. ಅದನ್ನೇ ಮೊದಲ ಸುತ್ತು ಮಾಡಿದರೆ? ಪ್ರತಿ ತಂಡವೂ ತನ್ನ ಊರಿನಲ್ಲಿರುವ ಸಾಮಾನನ್ನೇ ತರಬೇಕು, ಎರವಲು ತರುವಂತಿಲ್ಲ. ಟಾರ್ಪಾಲ್ ಮೇಲೆ ಎಲ್ಲ ಹರಡಬೇಕು. ಜನರೇಟರ್ ಸ್ಟಾರ್ಟ್ ಆಗುತ್ತದಾ, ಟಾರ್ಚಿಗೆ ಚಾರ್ಜ್ ಇದೆಯಾ, ಚೈನ್ ಸಾ ಬ್ಲೇಡ್ ಹರಿತ ಇದೆಯಾ, ಲೈಫ್ ಜಾಕೆಟ್ ಬಕಲ್ ಮುರಿದಿದೆಯಾ. ಆಮೇಲೆ ತಂಡಕ್ಕೆ ಒಂದೇ ಪ್ರಶ್ನೆ: ಇದೆಲ್ಲ ಇಟ್ಟಿರುವ ಕೋಣೆಯ ಕೀ ಈಗ ಯಾರ ಹತ್ತಿರ ಇದೆ, ಅವರು ಇಲ್ಲದಿದ್ದರೆ ಇನ್ನೊಂದು ಎಲ್ಲಿದೆ? ಉತ್ತರ ಇಲ್ಲದಿದ್ದರೆ ಅಂಕ ಇಲ್ಲ.

ಕಹಿಮೆಣಸು:

ಇದು ಪರವಾಗಿಲ್ಲ. ನಮ್ಮವರು ಸೊನ್ನೆ ತಗೊಳ್ಳುವುದನ್ನು ನೋಡಲಿಕ್ಕಾದರೂ ಬರುತ್ತೇನೆ.

ವಾರ್ಡ್ ಅಕ್ಕ, ವಿರಾಜಪೇಟೆ:

ನಾನು ನರ್ಸ್. ಅಣಕು ಕಾರ್ಯಾಚರಣೆಯೊಂದರಲ್ಲಿ ಗಾಯಾಳು ಪಾತ್ರ ಮಾಡಿದ್ದೇನೆ. ಮಳೆ ಹನಿಯುತ್ತಿತ್ತು. ನನ್ನನ್ನು ಸ್ಟ್ರೆಚರ್‌ಗೆ ಮಲಗಿಸಿದರು, ಪಟ್ಟಿ ಬಿಗಿದರು, ಒಂದು ಪಟ್ಟಿ ಕಂಕುಳಿಗೆ ಕುಯ್ಯುತ್ತಿತ್ತು. ಎತ್ತಿದರು, ಇಳಿಸಿದರು, ಫೋಟೊ ತೆಗೆದರು. ನೀರು ನೇರ ಕಣ್ಣಿಗೆ ಬೀಳುತ್ತಿತ್ತು, ಕೈ ಒಳಗೆ ಕಟ್ಟಿದ್ದರಿಂದ ಒರೆಸಿಕೊಳ್ಳಲೂ ಆಗಲಿಲ್ಲ. ಶುರುವಿನಿಂದ ಕೊನೆಯವರೆಗೆ ಯಾರೂ ನನ್ನ ಹೆಸರು ಕೇಳಲಿಲ್ಲ. ಎಲ್ಲಿ ನೋವು ಅಂತಲೂ ಕೇಳಲಿಲ್ಲ. ಆದರೂ ಆ ತಂಡಕ್ಕೆ ಬಹುಮಾನ ಬಂತು.

ಆದ್ದರಿಂದ ಫೈರ್‌ಮನ್ ಸರ್ ಹೇಳಿದ ಆ 25 ಅಂಕದಲ್ಲಿ ಸ್ವಲ್ಪವನ್ನು ಗಾಯಾಳು ಪಾತ್ರದವರ ಕೈಗೇ ಕೊಡಿ. ಅವರ ಹತ್ತಿರ ಒಂದು ಚೀಟಿ ಇರಲಿ: ಹೆಸರು ಕೇಳಿದರಾ, ಏನು ಮಾಡುತ್ತೇವೆ ಅಂತ ಮೊದಲೇ ಹೇಳಿದರಾ, ಚಳಿಗೆ ಏನಾದರೂ ಹೊದಿಸಿದರಾ, ಕುತ್ತಿಗೆ ಅಲ್ಲಾಡದ ಹಾಗೆ ಹಿಡಿದರಾ.

ಗಾಯಾಳುಗಳನ್ನು ವಿಂಗಡಿಸುವ ಸುತ್ತು ಬೇಕೇ ಬೇಕು. ತೋಟದ ಕಾರ್ಮಿಕರು ಸಾಲಾಗಿ ವಾಸಿಸುವ ಒಂದು ಲೈನ್ ಮನೆ ಮೇಲೆ ಬರೆ ಬಿದ್ದಿದೆ, ಹತ್ತು ಜನ ಇದ್ದಾರೆ, ನೀವು ಆರು ಜನ, ಯಾರನ್ನು ಮೊದಲು ನೋಡುತ್ತೀರಿ? ಜೋರಾಗಿ ಕಿರುಚುವವರ ಹತ್ತಿರ ಎಲ್ಲರೂ ಓಡುತ್ತಾರೆ. ಕಿರುಚಲು ಉಸಿರಿದೆ ಅಂದರೆ ಅವರು ಸ್ವಲ್ಪ ಕಾಯಬಹುದು. ನಡೆಯಲು ಆಗುವವರನ್ನು ಒಂದು ಕಡೆ ಕರೆಯಿರಿ, ಅವರಿಗೆ ಹಸಿರು. ಉಳಿದವರಲ್ಲಿ ಉಸಿರು ನಿಮಿಷಕ್ಕೆ 30ಕ್ಕಿಂತ ಜಾಸ್ತಿ ಇದ್ದರೆ ಕೆಂಪು. ಉಗುರು ಒತ್ತಿ ಬಿಟ್ಟಾಗ ಬಣ್ಣ ಮರಳಲು 2 ಸೆಕೆಂಡಿಗಿಂತ ಜಾಸ್ತಿ ಹಿಡಿದರೆ ಕೆಂಪು. ಕೈ ಮುಷ್ಟಿ ಮಾಡಿ ಅಂದಾಗ ಮಾಡದಿದ್ದರೂ ಕೆಂಪು. ಈ ಮೂರರಲ್ಲೂ ಪಾಸಾದವರಿಗೆ ಹಳದಿ. ಉಸಿರಿನ ದಾರಿ ಸರಿಮಾಡಿ ನೋಡಿದ ಮೇಲೂ ಉಸಿರಿಲ್ಲದಿದ್ದರೆ ಕಪ್ಪು, ಮುಂದಕ್ಕೆ ಹೋಗಬೇಕು. ಒಬ್ಬರಿಗೆ ಒಂದು ನಿಮಿಷ ಕೂಡ ಕೊಡುವಂತಿಲ್ಲ. ಆ ಕಪ್ಪು ಚೀಟಿ ಕಟ್ಟಿ ಎದ್ದು ಹೋಗುವುದು ಎಷ್ಟು ಕಷ್ಟ ಅಂತ ಗೊತ್ತಾಗಬೇಕಾದರೆ ಸ್ಪರ್ಧೆಯಲ್ಲೇ ಗೊತ್ತಾಗಲಿ.

ಮತ್ತೆ ಹತ್ತು ಜನರಲ್ಲಿ ಇಬ್ಬರು ಅಸ್ಸಾಂ ಭಾಷೆ ಮಾತ್ರ ಆಡುವವರಿರಲಿ. ಈಗ ತೋಟದ ಲೈನ್ ಮನೆಗಳಲ್ಲಿ ಇರುವವರು ಯಾರು ಅಂತ ನಿಮಗೇ ಗೊತ್ತು. ಮುಷ್ಟಿ ಮಾಡಿ ಅಂತ ಕನ್ನಡದಲ್ಲಿ ಹೇಳಿ, ಮಾಡಲಿಲ್ಲ ಅಂತ ಕೆಂಪು ಚೀಟಿ ಕಟ್ಟಿದರೆ ತಪ್ಪಾಗುತ್ತದೆ. ಕೈಸನ್ನೆಯಲ್ಲಿ ಮಾಡಿ ತೋರಿಸಿದ ತಂಡ ಗೆಲ್ಲುತ್ತದೆ.

ಕಂಬದ ಮೇಲಿನವ:

ಲೈನ್‌ಮನ್ ನಾನು. ಒಂದು ಸುತ್ತು ನನ್ನ ಕಡೆಯಿಂದ ಸೇರಿಸಿ. ರಸ್ತೆಗೆ ಸಿಲ್ವರ್ ಓಕ್ ಬಿದ್ದಿದೆ, ಕೆಳಗೆ ಒಂದು ಕಾರು, ಒಳಗೆ ಡಮ್ಮಿ. ಕೊಂಬೆಗಳ ನಡುವೆ ಒಂದು ತಂತಿ, ಎದ್ದು ಕಾಣಬಾರದು, ಹುಡುಕಿದರೆ ಕಾಣಬೇಕು. ಕರೆಂಟ್ ಇಲ್ಲದ ತುಂಡು ತಂತಿಯೇ, ಹೆದರಬೇಡಿ. ಸರಿಯಾದ ಉತ್ತರ ಏನು? ಮುಟ್ಟಬಾರದು. ಜನರನ್ನು ಹತ್ತು ಮೀಟರ್ ಆಚೆ ನಿಲ್ಲಿಸಿ, ವಿದ್ಯುತ್ ಕಂಪನಿ ಚೆಸ್ಕಾಂಗೆ ಹೇಳಿ, ಲೈನ್ ಆಫ್ ಆಯಿತು ಅಂತ ಖಾತ್ರಿಯಾದ ಮೇಲೆ ಮಾತ್ರ ಗರಗಸ. ಕಾರಿನಲ್ಲಿರುವವರಿಗೆ ಇಳಿಯಬೇಡಿ ಅಂತ ಕೂಗಿ ಹೇಳಬೇಕು. ಕರೆಂಟ್ ಹೋಗಿದೆ, ಮನೆಗಳಲ್ಲಿ ದೀಪ ಇಲ್ಲ, ಹಾಗಾಗಿ ತಂತಿ ಸತ್ತಿದೆ ಅಂತ ಲೆಕ್ಕ ಹಾಕುವವರು ಜಾಸ್ತಿ. ಯಾರದ್ದೋ ಮನೆಯ ಜನರೇಟರ್ ತಪ್ಪಾಗಿ ಜೋಡಿಸಿದ್ದರೆ ಅದೇ ತಂತಿಗೆ ಹಿಂದಿನಿಂದ ಕರೆಂಟ್ ಬರುತ್ತದೆ.

ಹಾಗೇ ಮರ ಕಪಾತು ಮಾಡುವವರನ್ನು ಕರೆಯಿರಿ. ಬೇರೆ ಯಾವ ತಂಡದಲ್ಲೂ ಅಷ್ಟು ಚೆನ್ನಾಗಿ ಮರ ಓದುವವರಿಲ್ಲ. ಕೊಂಬೆ ಯಾವ ಕಡೆ ಸಿಡಿಯುತ್ತದೆ ಅಂತ ಕತ್ತಿ ಹಾಕುವ ಮೊದಲೇ ಹೇಳುತ್ತಾರೆ. ಅವರಿಗೆ ಹೆಲ್ಮೆಟ್ ಹಾಕಿಸುವುದೇ ಕಷ್ಟ, ಅದು ಬೇರೆ ಮಾತು.

ಹಳೇ ಫೈರ್‌ಮನ್:

ಇದು ನನಗೆ ತುಂಬಾ ಹಿಡಿಸಿತು. ಹೋಗಬಾರದು ಅನ್ನುವುದೇ ಉತ್ತರವಾಗಿರುವ ಪ್ರಶ್ನೆ ಪ್ರತಿ ಸ್ಪರ್ಧೆಯಲ್ಲಿ ಒಂದಾದರೂ ಇರಬೇಕು. ಬರೆಯ ಸುತ್ತಿನಲ್ಲೂ ಹಾಗೆ ಮಾಡಬಹುದು. ಮೇಲಿನ ನೆಲದಲ್ಲಿ ಹೊಸ ಬಿರುಕು, ಓರೆಯಾದ ಮರಗಳು, ತೋಡಿನ ನೀರು ಇದ್ದಕ್ಕಿದ್ದಂತೆ ಕೆಂಪಾಗಿದೆ ಅಂತ ಒಂದು ಫಲಕ. ಇದನ್ನೆಲ್ಲ ನೋಡಿದ ಮೇಲೂ ಕೆಳಗೆ ಇಳಿದರೆ ಅಂಕ ಕಳೆಯಿರಿ. ಮೇಲೆ ಒಬ್ಬ ಕಾವಲುಗಾರನನ್ನು ನಿಲ್ಲಿಸಿ, ಓಡುವ ದಾರಿ ಗುರುತು ಮಾಡಿ, ಆಮೇಲೆ ಏನು ಮಾಡಬಹುದು ಅಂತ ಯೋಚಿಸಿದ ತಂಡಕ್ಕೆ ಪೂರ್ತಿ ಅಂಕ.

ಗೋಣಿಕೊಪ್ಪ ಹುಡುಗಿ:

ಎಲ್ಲರೂ ದೊಡ್ಡವರು, ನಾನು ಕಾಲೇಜಿನವಳು, ಆಪದ್ ಮಿತ್ರ ತರಬೇತಿ ಆಗಿದೆ. ಒಂದು ಅನುಮಾನ. ಸ್ಪರ್ಧೆಯಲ್ಲಿ ಪ್ರತಿ ತಂಡ ಬೇರೆ ಬೇರೆ, ಅಲ್ವಾ? ನಿಜವಾದ ದಿನ ಹಾಗೆ ಇರುವುದಿಲ್ಲ. ಫೈರ್‌ನವರು ಇಬ್ಬರು, ಜೀಪಿನವರು ಮೂವರು, ಪೊಲೀಸ್ ಒಬ್ಬರು, ನಮ್ಮಂಥವರು ನಾಲ್ಕು, ಯಾರೂ ಒಬ್ಬರನ್ನೊಬ್ಬರು ನೋಡಿರುವುದಿಲ್ಲ. ಎಲ್ಲರೂ ಒಟ್ಟಿಗೆ ಕೂಗುತ್ತಾರೆ, ಯಾರ ಮಾತು ಕೇಳಬೇಕು ಗೊತ್ತಾಗಲ್ಲ. ಎರಡನೇ ದಿನ ಚೀಟಿ ಎತ್ತಿ ತಂಡಗಳನ್ನು ಕಲಸಿಬಿಟ್ಟರೆ ಹೇಗೆ?

ಪಿಂಚಣಿ ಫೌಜಿ, ಪೊನ್ನಂಪೇಟೆ:

ಮಗಳೇ, ಯೋಚನೆ ಒಳ್ಳೆಯದು, ಆದರೆ ಅಪಾಯ ಇದೆ. ನನ್ನ ಹಗ್ಗ ಹಿಡಿಯುವವನು ಯಾರು ಅಂತ ಗೊತ್ತಿಲ್ಲದೆ ನಾನು ಬರೆ ಇಳಿಯಲ್ಲ. ಪಲ್ಟನ್‌ನಲ್ಲಿ ನಾವು ಇದನ್ನೇ ವರ್ಷಗಟ್ಟಲೆ ಕಲಿತದ್ದು. ಅಪರಿಚಿತರನ್ನು ಒಂದು ಹಗ್ಗಕ್ಕೆ ಕಟ್ಟಿ ಸ್ಪರ್ಧೆ ಮಾಡುವುದು ಬೇಡ.

ಗೋಣಿಕೊಪ್ಪ ಹುಡುಗಿ:

ಅಂಕಲ್, ಹಗ್ಗ ಮತ್ತು ನೀರು ಬೇಡ, ಒಪ್ಪಿದೆ. ನೆಲದ ಮೇಲಿನ ಹುಡುಕಾಟಕ್ಕೆ ಮಾತ್ರ?

ಪಿಂಚಣಿ ಫೌಜಿ, ಪೊನ್ನಂಪೇಟೆ:

ಅದಾದರೆ ಸರಿ. ಹಾಗಾದರೆ ಆ ಸುತ್ತನ್ನು ನಾನೇ ರಚಿಸಿಕೊಡುತ್ತೇನೆ.

ಜಾಗಕ್ಕೆ ಕಗ್ಗೋಡ್ಲು ಕಡೆ ಕೆಸರುಗದ್ದೆ ಕ್ರೀಡಾಕೂಟ ನಡೆಯುತ್ತದಲ್ಲ, ಅಂಥ ಒಂದು ಗದ್ದೆ. ಮೇನಲ್ಲಿ ಒಣಗಿರುತ್ತದೆ, ಪಂಪ್ ಹಚ್ಚಿ ನೀರು ಬಿಟ್ಟು ಒಂದು ಭಾಗ ಕೆಸರು ಮಾಡೋಣ. ಜೆಸಿಬಿಯಲ್ಲಿ ಮಣ್ಣು ರಾಶಿ, ಮುರಿದ ಹಂಚು, ತಗಡು, ಮರದ ತೊಲೆ, ಎರಡು ಹಳೇ ಕಪಾಟು. ಒಳಗೆ ಡಮ್ಮಿಗಳು. ಜೀವ ಇರುವ ಮನುಷ್ಯರನ್ನು ಮಣ್ಣಿನ ಕೆಳಗೆ ಯಾವ ಕಾರಣಕ್ಕೂ ಹಾಕುವಂತಿಲ್ಲ, ಒಂದು ನಿಮಿಷಕ್ಕೂ ಇಲ್ಲ. ಡಮ್ಮಿ ಪಕ್ಕದಲ್ಲಿ ಹಳೇ ಮೊಬೈಲ್ ಇಟ್ಟು ಸಣ್ಣದಾಗಿ ಮುಲುಗುವ ಶಬ್ದ ಬರುವ ಹಾಗೆ ಮಾಡೋಣ.

ಈಗ ಮುಖ್ಯ ಮಾತು. ಪಕ್ಕದಲ್ಲಿ ಒಬ್ಬ ಅಜ್ಜ ಕೂತಿರುತ್ತಾನೆ, ನೆರೆಮನೆಯವನ ಪಾತ್ರ. ಮನೆಯಲ್ಲಿ ಎಷ್ಟು ಜನ, ಯಾರು ಎಲ್ಲಿ ಮಲಗುತ್ತಾರೆ, ಮನೆ ಮೊದಲು ಎಲ್ಲಿತ್ತು, ಎಲ್ಲ ಅವನಿಗೆ ಗೊತ್ತು. ಆದರೆ ಕೇಳಿದರೆ ಮಾತ್ರ ಹೇಳುತ್ತಾನೆ. ಗುದ್ದಲಿ ಹಿಡಿದು ಓಡುವ ತಂಡ ಖಾಲಿ ಜಾಗ ಅಗೆಯುತ್ತದೆ, ಯಾಕಂದರೆ ಕುಸಿತದಲ್ಲಿ ಮನೆ ಇದ್ದಲ್ಲೇ ಇರುವುದಿಲ್ಲ, ಕೆಳಗೆ ಜಾರಿರುತ್ತದೆ.

ಕಲಸಿದ ತಂಡಕ್ಕೆ ಒಂದು ಸಾಮಾನ್ಯ ಸಂಕೇತ ಬೇಕು. ಹುಡುಕಾಟ ಮತ್ತು ರಕ್ಷಣೆಗಾಗಿ ಇರುವ ವಿಶ್ವಸಂಸ್ಥೆಯ ಸಲಹಾ ಗುಂಪು ಇನ್ಸರಾಗ್‌ನ ಮಾರ್ಗಸೂಚಿಯ ವಿಸಿಲ್ ಸಂಕೇತ ಇಡೋಣ, ಮೂರೇ ಇರುವುದು. ಮೂರು ಸೆಕೆಂಡಿನ ಒಂದು ಉದ್ದ ಸೀಟಿ ಅಂದರೆ ಎಲ್ಲ ನಿಲ್ಲಿಸಿ ಸುಮ್ಮನಿರಿ, ಕೇಳಿಸಿಕೊಳ್ಳಬೇಕು. ಒಂದು ಉದ್ದ ಒಂದು ಗಿಡ್ಡ ಅಂದರೆ ಮತ್ತೆ ಶುರು ಮಾಡಿ. ಮೂರು ಗಿಡ್ಡ ಸೀಟಿ ಮತ್ತೆ ಮತ್ತೆ ಬಂದರೆ ಕೈಯಲ್ಲಿರುವುದನ್ನು ಬಿಟ್ಟು ಓಡಿ. ನಾನು ನಡುವೆ ಯಾವಾಗಲೋ ಮೂರು ಗಿಡ್ಡ ಊದುತ್ತೇನೆ. ಯಾರು ಗುದ್ದಲಿ ಎತ್ತಿಕೊಳ್ಳಲು ಹಿಂದೆ ತಿರುಗುತ್ತಾರೋ ನೋಡುತ್ತೇನೆ.

2020ರ ಆಗಸ್ಟ್‌ನಲ್ಲಿ ತಲಕಾವೇರಿಯಲ್ಲಿ ಬೆಟ್ಟ ಕುಸಿದಾಗ ಮಂಜು, ಮಳೆ, ಕೆಳಗೆ ಭಾಗಮಂಡಲ ಮುಳುಗಿತ್ತು. ಹುಡುಕಾಟ ದಿನಗಟ್ಟಲೆ ಎಳೆಯಿತು. ಹಾಗೆ ಎಳೆಯುವಾಗ ತಂಡಗಳು ಬದಲಾಗುತ್ತವೆ. ಅದಕ್ಕೆ ಇನ್ನೊಂದು ಸೇರಿಸುತ್ತೇನೆ. ಇಪ್ಪತ್ತು ನಿಮಿಷಕ್ಕೆ ವಿಸಿಲ್, ಎರಡನೇ ತಂಡ ಬರುತ್ತದೆ, ಹಳೆಯ ತಂಡದ ನಾಯಕನಿಗೆ ಎರಡು ನಿಮಿಷ. ಎಷ್ಟು ಜನ ಕಾಣೆ, ಯಾರು ಹೇಳಿದರು, ಯಾವ ಜಾಗ ನೋಡಿಯಾಯಿತು, ಯಾವ ಕಡೆ ಅಪಾಯ, ಓಡುವ ದಾರಿ ಯಾವುದು. ಹೊಸ ತಂಡ ಈಗಾಗಲೇ ನೋಡಿದ ಜಾಗವನ್ನೇ ಮತ್ತೆ ಅಗೆದರೆ ಇಬ್ಬರಿಗೂ ಅಂಕ ಕಟ್. ಮುಂಗಾರಿನಲ್ಲಿ ಎನ್‌ಡಿಆರ್‌ಎಫ್ ತಂಡ ನಮ್ಮ ಜಿಲ್ಲೆಗೆ ಬಂದು ಬೀಡು ಬಿಡುತ್ತದೆ, ಅವರಿಗೆ ನಾವು ಕೊಡಬೇಕಾದದ್ದೂ ಇದೇ ಎರಡು ನಿಮಿಷದ ವರದಿ.

ವಾರ್ಡ್ ಅಕ್ಕ, ವಿರಾಜಪೇಟೆ:

ಫೌಜಿ ಸರ್, ಇದೇ ನಿಯಮ ಆಂಬುಲೆನ್ಸ್‌ಗೂ ಇಡಿ. ಗಾಯಾಳುವನ್ನು ಒಳಗೆ ತಳ್ಳಿ ಬಾಗಿಲು ಬಡಿದು ಹೋಗಿ ಹೋಗಿ ಅನ್ನುತ್ತಾರೆ. ಯಾವಾಗ ಸಿಕ್ಕಿದರು, ಎಷ್ಟು ಹೊತ್ತು ಕಾಲು ತೊಲೆಯ ಕೆಳಗಿತ್ತು ಅಂತ ನಮಗೆ ಯಾರೂ ಹೇಳಲ್ಲ. ಬಹಳ ಹೊತ್ತು ಜಜ್ಜಿಹೋದ ಕಾಲಿನ ಭಾರ ತೆಗೆದ ಮೇಲೆ ರಕ್ತದಲ್ಲಿ ಪೊಟ್ಯಾಸಿಯಂ ಏರಿ ಹೃದಯ ನಿಲ್ಲಬಹುದು, ಕಿಡ್ನಿಗೂ ಪೆಟ್ಟು. ಆ ಒಂದು ವಾಕ್ಯ ಗೊತ್ತಿದ್ದರೆ ಚಿಕಿತ್ಸೆಯೇ ಬೇರೆ.

ರೊಬಸ್ಟಾ, ಸಿದ್ದಾಪುರ:

ತ್ರಾಸದ ವಿಷಯ ಯಾರೂ ಎತ್ತಲಿಲ್ಲ. ತೀರ್ಪು. ದಸರಾದ ದಶಮಂಟಪ ಸ್ಪರ್ಧೆಯ ತೀರ್ಪು ಬಂದ ಮೇಲೆ ಏನೇನು ಆಗುತ್ತದೆ ಅಂತ ಮಡಿಕೇರಿಯವರಿಗೆ ನಾನು ಹೇಳಬೇಕಾ ಮಾರಾಯ್ರೆ? ಇಲ್ಲೂ ಹಾಗೆ ಆದರೆ ಮಳೆಗಾಲದಲ್ಲಿ ಎರಡು ತಂಡ ಮುಖ ತಿರುಗಿಸಿಕೊಂಡು ನಿಲ್ಲುತ್ತವೆ. ತೀರ್ಪುಗಾರರು ಜಿಲ್ಲೆಯ ಹೊರಗಿನವರಿರಲಿ. ಅಂಕದ ಹಾಳೆ ತಿಂಗಳು ಮೊದಲೇ ಎಲ್ಲ ತಂಡಕ್ಕೂ ಕೊಡಿ, ಯಾವುದಕ್ಕೆ ಎಷ್ಟು ಕಟ್ ಅಂತ ಬರೆದಿರಲಿ. ಸುತ್ತು ಮುಗಿದ ಕೂಡಲೇ ತಂಡದ ನಾಯಕನಿಗೆ ಹಾಳೆ ತೋರಿಸಿ ಸಹಿ ಹಾಕಿಸಿ. ಸನ್ನಿವೇಶ ಮಾತ್ರ ಗುಟ್ಟಾಗಿರಲಿ. ಸರದಿ ಕಾಯುವ ತಂಡವನ್ನು ಬೇರೆ ಕಡೆ ಕೂರಿಸಿ ಮೊಬೈಲ್ ತೆಗೆದಿಟ್ಟುಕೊಳ್ಳಿ, ಇಲ್ಲದಿದ್ದರೆ ಮೂರನೇ ತಂಡ ಬರುವಾಗ ತಂತಿ ಎಲ್ಲಿದೆ ಅಂತ ವಾಟ್ಸಾಪ್‌ನಲ್ಲಿ ಫೋಟೊ ಬಂದಿರುತ್ತದೆ.

ವಿಮೆ, ಒಂದು ಆಂಬುಲೆನ್ಸ್ ನಿಂತೇ ಇರಬೇಕು, ಜಿಲ್ಲಾಡಳಿತದ ಅನುಮತಿ. ಎರಡು ದಿನವೂ ಪ್ರತಿ ಠಾಣೆಯಲ್ಲಿ ಅರ್ಧ ಸಿಬ್ಬಂದಿ ಉಳಿಯಬೇಕು. ಎಲ್ಲರೂ ಗದ್ದೆಯಲ್ಲಿದ್ದಾಗ ಎಲ್ಲೋ ಬೆಂಕಿ ಬಿದ್ದರೆ 112ಕ್ಕೆ ಫೋನ್ ಮಾಡಿದವರಿಗೆ ಏನು ಹೇಳುತ್ತೀರಿ?

ಕಹಿಮೆಣಸು:

ಬಹುಮಾನದ ವಿಷಯ. ಗೆದ್ದವರಿಗೆ ಕಪ್ ಕೊಡಿ, ಗಾಜಿನ ಕಪಾಟಲ್ಲಿ ಇಟ್ಟುಕೊಳ್ಳಲಿ. ದುಡ್ಡು ಏನಾದರೂ ಸೇರಿದರೆ ಹಗ್ಗ ಮತ್ತು ಸ್ಟ್ರೆಚರ್ ತೆಗೆದುಕೊಂಡು ಕೊನೆಯ ಸ್ಥಾನ ಬಂದ ಎರಡು ತಂಡಗಳಿಗೆ ಕೊಡಿ. ಗೆದ್ದವರ ಹತ್ತಿರ ಹೇಗೂ ಇರುತ್ತದೆ.

ಹೊಳೆಗೈಡ್, ದುಬಾರೆ ಕಡೆ:

ಆಗ ಹಗ್ಗಕ್ಕಾಗಿ ಬೇಕಂತಲೇ ಸೋಲುತ್ತಾರೆ.

ಕಹಿಮೆಣಸು:

ಸೋಲಲಿ ಬಿಡಿ. ಇಡೀ ಊರ ಮುಂದೆ ಸೋತು ಹಗ್ಗ ತಗೊಂಡು ಹೋಗಲು ನಮ್ಮವರಿಗೆ ಅಷ್ಟು ಸುಲಭ ಅಲ್ಲ.

ಬರೆಬದಿ, ಮಾದಾಪುರ:

ಇವತ್ತಿಗೆ ಇಷ್ಟು ಸಾಕು, ತಲೆ ತುಂಬಿದೆ. ಮೇ ಮೂರನೇ ವಾರ ಅಂತ ಇಟ್ಟುಕೊಂಡು ಮುಂದೆ ಹೋಗುತ್ತೇನೆ, ಹಾಕಿ ಫೈನಲ್ ದಿನ ಗೊತ್ತಾದ ಮೇಲೆ ತಾರೀಕು. ಮೊದಲ ವರ್ಷ ಹತ್ತು ತಂಡಕ್ಕಿಂತ ಜಾಸ್ತಿ ಬೇಡ, ತಂಡಕ್ಕೆ ಆರು ಜನ. ನೀರಿನ ಸುತ್ತು ದಡದ ಮೇಲೆ ಮಾತ್ರ. ಚೀಟಿ ಎತ್ತಿ ಕಲಸುವುದು ಎರಡನೇ ದಿನ, ಮಣ್ಣಿನ ಹುಡುಕಾಟಕ್ಕೆ ಮಾತ್ರ. ಫೈರ್‌ಮನ್ ಸರ್ ಅಂಕದ ಹಾಳೆ ಬರೆಯುತ್ತೀರಾ? ಅಕ್ಕ, ಗಾಯಾಳುಗಳ ಚೀಟಿ ನಿಮ್ಮದು. ಒಂದೇ ಒಂದು ಸಾಮಾನಿಗೆ ಪರದಾಡುತ್ತಿದ್ದೇನೆ. ಮರದ ಕೆಳಗೆ ಇಡಲು ಗುಜರಿ ಕಾರು ಬೇಕು, ಯಾರ ಹತ್ತಿರ ಇದೆ?

ಕಂಬದ ಮೇಲಿನವ:

ಸುಂಟಿಕೊಪ್ಪ ಕಡೆ ಒಂದು ಗ್ಯಾರೇಜಿನ ಹಿಂದೆ ಹಳೇ ಓಮ್ನಿ ನಿಂತಿದೆ, ಕೇಳಿ ಹೇಳುತ್ತೇನೆ. ಟೈರ್ ಇಲ್ಲ, ಎಳೆದುಕೊಂಡು ಬರಲು ಜೀಪಿನವರು ಬೇಕಾಗುತ್ತದೆ. ಪೆಟ್ರೋಲ್ ಟ್ಯಾಂಕ್ ಮತ್ತು ಬ್ಯಾಟರಿ ಮೊದಲೇ ಬಿಚ್ಚಿಸಿ ಇಡುತ್ತೇನೆ.